ನನ್ನ ಕಾಲಿನ ಸುದ್ದಿ ಕನ್ನಡದಲ್ಲಿ ಬಂದ ದಿನ

ಆಕ್ಲೆಂಡ್
ಆಗಸ್ಟ್ 21, 2016, ಭಾನುವಾರ

ಪ್ರೀತಿಯ ಕಮಲಾ,

ಮೊದಲು ನನ್ನ ಕೋಳಿಕಾಲಿನ ಅಕ್ಷರವನ್ನೂ ತಪ್ಪುಗಳನ್ನೂ ಕ್ಷಮಿಸಿಬಿಡು. ಐದನೇ ಕ್ಲಾಸಿಗೆ ಬಿಟ್ಟ ಕನ್ನಡ ಇದು, ಒತ್ತಕ್ಷರ ಬಂದಲ್ಲೆಲ್ಲ ಪೆನ್ನು ನಿಂತುಬಿಡುತ್ತದೆ. ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿರುವುದರಿಂದ ಸಾಲುಗಳೂ ನೆಟ್ಟಗಿಲ್ಲ. ನಿನ್ನ ಮಗನ ಹೆಸರಿಟ್ಟ ದಿನದ ಫೋಟೊ ಬಂದಾಗ ಒಂದು ಮಾತೂ ಆಡಲಿಲ್ಲ ಎಂದು ನೀನು ಬೇಜಾರು ಮಾಡಿಕೊಂಡಿರುತ್ತೀಯ. ಫೋನು ಮಾಡಿದರೆ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಅತ್ತೆಗೆ ಓದು ಬರುವುದಿಲ್ಲ, ನಮ್ಮ ಯಜಮಾನರು ಜುನೈದ್ ಓದಿದ್ದು ಉರ್ದು ಶಾಲೆಯಲ್ಲಿ. ಈ ಮನೆಯಲ್ಲಿ ಕನ್ನಡ ಅಕ್ಷರ ನನಗೊಬ್ಬಳಿಗೇ ಗೊತ್ತು. ಅದಕ್ಕೇ ಪತ್ರ.

ನನಗೆ ಎಡಮಂಡಿಯ ಮೇಲೆ, ತೊಡೆಯ ಮೂಳೆಯಲ್ಲಿ ಕ್ಯಾನ್ಸರ್ ಆಗಿದೆ. ನಾಳೆ ಆಪರೇಷನ್. ಈ ಎರಡು ಮಾತು ನನಗೆ ಸರಿಯಾಗಿ ತಿಳಿದದ್ದೇ ಮೊನ್ನೆ ಗುರುವಾರ. ಔಷಧ ಶುರುವಾಗಿದ್ದು ಮೇ ತಿಂಗಳಲ್ಲಿ.

ಕಳೆದ ಡಿಸೆಂಬರಿನಲ್ಲಿ ಮಂಡಿ ನೋಯತೊಡಗಿತು. ಮಲಗಿದರೂ ನೋವು, ಕೂತರೂ ನೋವು. ಅತ್ತೆ ಎಳ್ಳೆಣ್ಣೆ ಕಾಯಿಸಿ ಹೆಬ್ಬೆರಳು ಒತ್ತಿ ಒತ್ತಿ ತಿಕ್ಕಿದರು. ಊತ ಇಳಿಯಲಿಲ್ಲ, ಗಟ್ಟಿಯಾಯಿತು. ಮನೆತುಂಬ ಆ ಎಣ್ಣೆಯ ಕಮಟು. ಕೊನೆಗೆ ಎಕ್ಸ್‌ರೇ, ಆಮೇಲೆ ದೊಡ್ಡ ಸ್ಕ್ಯಾನ್, ಆಮೇಲೆ ಮೂಳೆಯ ಚೂರು ತೆಗೆದು ಪರೀಕ್ಷೆ. ಪ್ರತಿ ಸಲ ಡಾಕ್ಟರು ನನ್ನ ಮುಖ ನೋಡುತ್ತಾ ತುಂಬಾ ಹೊತ್ತು ಮಾತಾಡುವರು. ಜುನೈದ್ ತಲೆಯಾಡಿಸಿ, ನನ್ನ ಕಡೆ ತಿರುಗಿ, "ಮೂಳೆಗೆ ಸೋಂಕಾಗಿದೆ. ಗುಣ ಆಗತ್ತಂತೆ" ಎನ್ನುವರು.

"ಅಷ್ಟೊತ್ತು ಹೇಳಿದ್ದು ಇಷ್ಟೇನಾ?"

"ಇಂಗ್ಲಿಷ್ ಹಂಗೇ ಕಣೇ, ಉದ್ದ ಇರತ್ತೆ."

ನಕ್ಕಿದ್ದೆ ನಾನು. ಈಗ ನೆನೆದರೆ ನನ್ನ ನಗುವಿನ ಮೇಲೇ ಹೇಸಿಗೆ.

ಆಸ್ಪತ್ರೆಯವರು ಉರ್ದು ಬಲ್ಲ ದುಭಾಷಿಯನ್ನು ಕೊಡುತ್ತೇವೆ ಎಂದಿದ್ದರಂತೆ. ಜುನೈದ್ ಬೇಡ ಎಂದರು. ಇಲ್ಲಿ ಉರ್ದು ಗೊತ್ತಿರುವವರೆಲ್ಲ ಒಂದೇ ಮಸೀದಿಗೆ ಬರುವವರು. ಶುಕ್ರವಾರದ ನಮಾಜು ಮುಗಿಯುವಷ್ಟರಲ್ಲಿ ಸುದ್ದಿ ಊರೆಲ್ಲ ಹರಡುತ್ತದೆ, ಅದರ ಮೇಲೆ ಜುನೈದ್‌ರ ತಂಗಿ ಅರೀಬಾಗೆ ಗಂಡು ನೋಡುತ್ತಿದ್ದಾರೆ. ಮನೆಯಲ್ಲಿ ಇಂಥ ಕಾಯಿಲೆ ಇದೆ ಎಂದರೆ ಯಾರು ಬರುತ್ತಾರೆ, ಇದು ಅತ್ತೆಯ ಲೆಕ್ಕ. ಹಾಗಾಗಿ, ಸೋಂಕೆಂದರೂ ಜನ ಆಡಿಕೊಳ್ಳುತ್ತಾರೆ ಎಂದು ನನ್ನನ್ನು ಒಪ್ಪಿಸಿ, ನಾನು ಬಾತ್‌ರೂಮಿನಲ್ಲಿ ಜಾರಿ ಬಿದ್ದೆ ಎಂದು ಎಲ್ಲರಿಗೂ ಹೇಳಿದರು. ನೋಡಲು ಬಂದ ಹೆಂಗಸರ ಮುಂದೆ ನಾನೇ ಕೂತು ಹೇಗೆ ಜಾರಿದೆ, ಯಾವ ಕಾಲು ಮೊದಲು ಹೋಯಿತು ಎಂದು ವರ್ಣಿಸಬೇಕು. ಶಫಿ ಅಂಕಲ್ ಮನೆಯ ಆಂಟಿಯಂತೂ, "ಲ್ಯಾಂಡ್‌ಲಾರ್ಡ್ ಮೇಲೆ ಕಂಪ್ಲೇಂಟ್ ಕೊಡೋಣ, ನಾನೇ ಬರ್ತೀನಿ, ಬಿಡಬಾರದು ಇಂಥೋರ್ನ" ಎಂದು ಬಾತ್‌ರೂಮಿಗೇ ಹೋಗಿ ನೆಲವನ್ನು ಕಾಲಿನಿಂದ ಉಜ್ಜಿ ನೋಡಿ ಬಂದರು. "ಈಗ ಸರಿ ಮಾಡ್ಸಿದಾರೆ ಆಂಟಿ" ಎಂದು ಜುನೈದ್ ತಣ್ಣಗೆ ಹೇಳಿದರು. ಅವರ ಬಾಯಿಗೆ ಸುಳ್ಳು ಎಷ್ಟು ಸಲೀಸು ಎಂದು ನನಗೆ ಅವತ್ತೇ ಹೊಳೆಯಬೇಕಿತ್ತು.

ಔಷಧದ ವಿಷಯ ಏನು ಬರೆಯಲಿ. ಒಂದು ಚೀಲದಲ್ಲಿ ಶರಬತ್ತಿನಂಥ ಕೆಂಪು ನೀರು, ನರದೊಳಗೆ ಹನಿಹನಿಯಾಗಿ ಇಳಿಯುತ್ತದೆ. ಅದು ಹೋದ ಮೇಲೆ ಮೂತ್ರವೂ ಕೆಂಪು. ಬಾಯೊಳಗೆಲ್ಲ ಹುಣ್ಣು. ನನ್ನ ಬೆವರೇ ನನಗೆ ತುಕ್ಕು ಹಿಡಿದ ಕಬ್ಬಿಣದ ಹಾಗೆ ನಾರುತ್ತಿತ್ತು. ಅತ್ತೆ ಈರುಳ್ಳಿ ಹುರಿದರೆ ವಾಂತಿ, ಬಾಗಿಲು ಹಾಕಿದರೂ ವಾಂತಿ. ಕೂದಲು ದಿಂಬಿನ ಮೇಲೆ ಉಂಡೆಯುಂಡೆಯಾಗಿ ಬಿತ್ತು. "ದುಪಟ್ಟಾ ಇದೆಯಲ್ಲ, ಯಾರಿಗೂ ಗೊತ್ತಾಗಲ್ಲ ಬಿಡು" ಎಂದರು ಅತ್ತೆ, ಸಮಾಧಾನವೆಂಬಂತೆ. ಸೋಂಕಿಗೆ ಕೂದಲು ಯಾಕೆ ಉದುರುತ್ತದೆ ಎಂದು ಕೇಳಿದೆ. "ಫಾರಿನ್ ಔಷಧ, ಸ್ಟ್ರಾಂಗು" ಎಂದರು ಜುನೈದ್.

ಗುರುವಾರ ಆಪರೇಷನ್ ಬಗ್ಗೆ ಮಾತಾಡಲು ಕರೆದಿದ್ದರು. ತಾವು ಕೆಲಸ ಮಾಡುವ ಪೆನ್‌ರೋಸ್ ಬಡಾವಣೆಯ ಗೋಡೌನಿನಿಂದ ಜುನೈದ್ ಅರ್ಧ ಪಾಳಿಗೆ ರಜೆ ಹಾಕಿ ಬಂದರು. ನನ್ನನ್ನು ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಹೋದರು. ನರ್ಸು ನನ್ನನ್ನು ಒಳಗೆ ಡಾಕ್ಟರ ಎದುರು ಕೂರಿಸಿದಳು. ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಇತ್ತು, ರೋಗಿಗಳು ತಮ್ಮ ಭಾಷೆ ತೋರಿಸಲೆಂದು ಹಾಕಿದ್ದು. ಅದರಲ್ಲಿ ಬೇರೆ ಬೇರೆ ಲಿಪಿಗಳ ನಡುವೆ, ಕೆಳಗೆ ಮೂಲೆಯಲ್ಲಿ, ದುಂಡಗೆ, "ಕನ್ನಡ".

ಕಮಲಾ, ವಸಂತಾ ಮಿಸ್ ಬೋರ್ಡಿನ ಹತ್ತಿರ ಕರೆದರೆ ಅಳುತ್ತಿದ್ದವಳು ನಾನು, ನಿನಗೇ ಗೊತ್ತು. ಈಗಲೂ ಅಷ್ಟೇ, ಅಂಗಡಿಯವನಿಗೆ ಥ್ಯಾಂಕ್ಯೂ ಕೂಡ ಹೇಳದೆ ತಲೆತಗ್ಗಿಸಿ ಬರುತ್ತೇನೆ. ಅವತ್ತು ಮಾತ್ರ ಎದ್ದು ಕುಂಟುತ್ತಾ ಹೋಗಿ ಆ ಪದದ ಮೇಲೆ ಬೆರಳಿಟ್ಟೆ. ಡಾಕ್ಟರು ನನ್ನನ್ನೂ ಬೆರಳನ್ನೂ ನೋಡಿದರು, ಯಾರಿಗೋ ಫೋನು ಮಾಡಿ ಅದನ್ನು ಮೇಜಿನ ಮೇಲಿಟ್ಟರು. ಕಾದೆವು. ಆಮೇಲೆ ಅದರೊಳಗಿಂದ ಒಬ್ಬ ಹೆಂಗಸಿನ ದನಿ:

"ನಮಸ್ಕಾರ ಮೇಡಂ. ನನ್ನ ಹೆಸರು ಹೇಳೋ ಹಾಗಿಲ್ಲ. ಡಾಕ್ಟ್ರು ಹೇಳಿದ್ದನ್ನ ನಿಮಗೆ ಹೇಳ್ತೀನಿ, ನೀವು ಹೇಳಿದ್ದನ್ನ ಅವರಿಗೆ. ನಾನಾಗಿ ಏನೂ ಸೇರ್ಸಲ್ಲ, ಏನೂ ಬಿಡಲ್ಲ. ಇದು ಯಾರಿಗೂ ಹೋಗಲ್ಲ."

ಮೈಸೂರಿನ ಕಡೆಯ ಮಾತು. ನನಗೆ ಅಳು ಬಂತು, ತಡೆದುಕೊಂಡೆ.

"ಸೋಂಕು ಗುಣ ಆಗಿದೆಯಾ ಕೇಳಿ" ಎಂದೆ. ಡಾಕ್ಟರು ನಿಧಾನವಾಗಿ ಹೇಳಿದರು. "ನಿಮಗಿರೋದು ಸೋಂಕಲ್ಲ. ಮೂಳೆ ಕ್ಯಾನ್ಸರ್" ಎಂದಿತು ದನಿ. ಒಂದೊಂದನ್ನೂ ಬಿಡಿಸಿ ಹೇಳಿದರು. ಮೂಳೆಯಲ್ಲೇ ಹುಟ್ಟುವ ಗೆಡ್ಡೆ, ಹೆಚ್ಚಾಗಿ ಹರೆಯದ ಮಕ್ಕಳಿಗೇ ಬರುತ್ತದೆ, ಬಿದ್ದದ್ದರಿಂದ ಬರುವುದಿಲ್ಲ, ಯಾರೂ ಏನೂ ಮಾಡಿ ಬಂದದ್ದಲ್ಲ. ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗುವುದುಂಟು, ನನಗೆ ಸದ್ಯಕ್ಕೆ ಅಲ್ಲಿ ಏನೂ ಕಾಣಿಸಿಲ್ಲ. ಮೊದಲು ಕೊಟ್ಟ ಔಷಧ ಗೆಡ್ಡೆಯನ್ನು ಸಾಯಿಸುವುದಕ್ಕೆ. ಈಗ ಆ ಭಾಗದ ಮೂಳೆಯನ್ನು ಮಂಡಿಯ ಸಮೇತ ತೆಗೆದು ಲೋಹದ್ದನ್ನು ಕೂರಿಸುತ್ತಾರೆ. ಒಳಗೆ ದೊಡ್ಡ ರಕ್ತನಾಳಕ್ಕೇ ಅಂಟಿಕೊಂಡಿದ್ದರೆ ಕಾಲನ್ನೇ ತೆಗೆಯಬೇಕಾಗಬಹುದು. ಆಮೇಲೆ ಮತ್ತೆ ತಿಂಗಳುಗಟ್ಟಲೆ ಔಷಧ.

"ನಾನು ನಿಮ್ಮ ಕಾಲು ಉಳಿಸೋಕೆ ಪ್ರಯತ್ನ ಮಾಡ್ತೀನಿ" ಎಂದಿತು ದನಿ.

"ನೀವಾ?" ಎಂದೆ ಪೆದ್ದಿಯ ಹಾಗೆ.

"ಅಯ್ಯೋ, ನಾನಲ್ಲ ಮೇಡಂ. ಡಾಕ್ಟ್ರು. ಅವರು ನಾನು ಅಂದ್ರೆ ನಾನೂ ನಾನು ಅನ್ಬೇಕು."

ಅಷ್ಟರಲ್ಲಿ ಜುನೈದ್ ಬಂದರು. ಕನ್ನಡ ಕೇಳಿ ಬಾಗಿಲಲ್ಲೇ ನಿಂತರು. ಇಂಗ್ಲಿಷಿನಲ್ಲಿ ಏನೋ ಹೇಳಿದರು. ಡಾಕ್ಟರು ಮೆತ್ತಗೆ ಕುರ್ಚಿ ತೋರಿಸಿದರು. ದನಿ ಅದನ್ನೂ ಬಿಡಲಿಲ್ಲ: "'ನಾನು ಹೇಳ್ತೀನಿ ಅವಳಿಗೆ, ಫೋನ್ ಬೇಡ' ಅಂತಿದಾರೆ ನಿಮ್ಮ ಯಜಮಾನ್ರು. 'ನೀವು ಕೂತ್ಕೊಳ್ಳಿ, ನಾನು ಇವರ ಜೊತೆ ಮಾತಾಡ್ತಿದೀನಿ' ಅಂತಿದಾರೆ ಡಾಕ್ಟ್ರು."

ಯಾರೋ ಕಾಣದ ಹೆಂಗಸು ನನ್ನ ಗಂಡನ ಮಾತನ್ನು ಗಂಡನ ಮುಂದೆಯೇ ನನಗೆ ಒಪ್ಪಿಸಿದಳು. ಜುನೈದ್ ಕೂತರು.

ಮನೆಗೆ ಬರುವಾಗ ಕಾರಿನಲ್ಲಿ, "ನಿಂಗೆ ಹೆದರಿಕೆ ಆಗ್ಬಾರ್ದು ಅಂತ" ಎಂದರು. ನಾನು ಕಿಟಕಿ ಇಳಿಸಿದೆ. ಅವರ ಶರ್ಟಿನ ವಾಸನೆಯೂ ಬೇಡವಾಗಿತ್ತು. ಅತ್ತೆ ಆ ರಾತ್ರಿ ಕೋಳಿಸಾರು ತಂದು, "ತಿಳ್ಕೊಂಡು ಏನ್ ಸಿಕ್ತು ನಿಂಗೆ? ಸುಖವಾಗಿ ನಿದ್ದೆನಾದ್ರೂ ಮಾಡ್ತಿದ್ದೆ" ಎಂದರು. ಸಾರಿನ ಮೇಲೆ ಕೊಬ್ಬು ಹಳದಿಯಾಗಿ ತೇಲುತ್ತಿತ್ತು. ಬಟ್ಟಲನ್ನು ಅವರ ಕಡೆಗೇ ತಳ್ಳಿದೆ.

ನೀನು ಚೆನ್ನಾಗಿರು ಕಮಲಾ. ಹೊಲಿಗೆ ಮಷೀನಿನ ಮುಂದೆ ಬಹಳ ಹೊತ್ತು ಬಗ್ಗಿ ಕೂರಬೇಡ. ಅವ್ವನಿಗೆ ನನ್ನ ಸಲಾಂ ಹೇಳು. ನಿನ್ನ ಮಗನಿಗೆ ಅಲ್ಲಾಹ್ ಗಟ್ಟಿ ಕೈಕಾಲು, ಉದ್ದ ಆಯಸ್ಸು ಕೊಡಲಿ. ಅವನ ಅಂಗಾಲಿಗೆ ನನ್ನದೊಂದು ಮುತ್ತು ಕೊಡು.

ನಿನ್ನ
ಮಾಸೂಮಾ

ಇನ್ನೊಂದು ಮಾತು, ಸೋಮವಾರ, ಆಪರೇಷನ್ನಿಗೆ ಕರೆಯುವ ಮುಂಚೆ.

ನಿನ್ನೆ ಇದನ್ನು ಬರೆಯಲು ಆಗಲಿಲ್ಲ, ಅಂಟಿಸಿದ ಕವರು ಮತ್ತೆ ಬಿಚ್ಚಿದ್ದೇನೆ. ಗುರುವಾರ ಮಾತು ಮುಗಿಯುವ ಮುಂಚೆ ಡಾಕ್ಟರು ಒಂದು ವಿಷಯ ಹೇಳಿದರು, ನನಗೆ ಗೊತ್ತೇ ಇದೆ ಎಂಬಂತೆ. ಈ ಔಷಧದಿಂದ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು, ಆಗದೆಯೂ ಇರಬಹುದು. ಅದಕ್ಕೇ ಮೇ ತಿಂಗಳಲ್ಲಿ, ಔಷಧಕ್ಕೆ ಮೊದಲು, ನನ್ನ ಅಂಡಾಣುಗಳನ್ನು ತೆಗೆದು ಜೋಪಾನ ಮಾಡಿಡಬಹುದು ಎಂದು ಕೇಳಿದ್ದರಂತೆ. "ನೀವು ಬೇಡ ಅಂದ್ರಿ" ಎಂದಿತು ದನಿ.

ಆ ದಿನ ನನಗೆ ನೆನಪಿದೆ. "ತುಂಬಾ ನೋವಿದೆಯಾ ಅಂತ ಕೇಳ್ತಿದಾರೆ. ಇಲ್ಲ ಅನ್ನು" ಎಂದಿದ್ದರು ಜುನೈದ್. ನಾನು ಡಾಕ್ಟರ ಮುಖ ನೋಡಿ ಇಲ್ಲ ಎಂದು ತಲೆಯಾಡಿಸಿದ್ದೆ.

"ಎರಡು ವಾರ ತಡ ಆಗ್ತಿತ್ತು. ನೀನು ಬದುಕಿದ್ರೆ ಸಾಕಾಗಿತ್ತು ನಂಗೆ" ಎನ್ನುತ್ತಾರೆ ಜುನೈದ್ ಈಗ. ಸುಳ್ಳಲ್ಲವೇನೋ. ಕೇಳಿದ್ದರೆ ನಾನೂ ಬೇಡ ಎನ್ನುತ್ತಿದ್ದೆನೇನೋ. ಆದರೆ ಅತ್ತೆಗೆ ಅವತ್ತೇ ಹೇಳಿದ್ದರು. ಅತ್ತೆಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ವಾಂತಿ ಬಂದರೆ ಕಕ್ಕಿ ಬಾಯಿ ತೊಳೆದುಕೊಳ್ಳುತ್ತೇನೆ, ಇದನ್ನು ಏನು ಮಾಡಲಿ?

ಇವತ್ತು ಬೆಳಿಗ್ಗೆ ಆಪರೇಷನ್ ಮಾಡುವ ಅದೇ ಡಾಕ್ಟರು ದಪ್ಪ ಪೆನ್ನು ಹಿಡಿದು ಬಂದರು. ಯಾವ ಕಾಲು ಎಂದು ಕೇಳಿ ಗುರುತು ಹಾಕಿ ಹೋಗುವುದು ಇಲ್ಲಿಯ ಪದ್ಧತಿ. ಜುನೈದ್ ಎದ್ದು ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ಹೊದಿಕೆ ಸರಿಸಿ, ಎಡಮಂಡಿಯ ಮೇಲೆ ಅಂಗೈ ಇಟ್ಟು, "ದಿಸ್ ಒನ್" ಎಂದೆ.