ಪರಪ್ಪನ ಫಾರ್ಮಿಗೆ ಬರೆದ ಶಬ್ದ

ಮಂಗಳವಾರ, ೧೪ ಅಕ್ಟೋಬರ್. ವಿಕ್ರೋಳಿ, ಮುಂಬಯಿ.

ಆ ಒಂದು ಇಂಗ್ಲಿಷ್ ಶಬ್ದ ತಲೆಯಿಂದ ಹೋಗುತ್ತಿಲ್ಲ. ಓವರ್‌ಎಕ್ಸರ್ಶನ್.

ಬೆಳಿಗ್ಗೆ ಕಟ್ಟಡದ ಸೈಟಿನಲ್ಲಿ, ಕೂಲಿಗಳ ಮೇಲ್ವಿಚಾರಣೆಯ ಮುಕಾದಮ ನಮ್ಮ ಕಡೆಯ ಕೂಲಿ ಪರಪ್ಪನನ್ನು ಕಬ್ಬಿಣದ ಸರಳಿನಿಂದ ಹೊಡೆದ. ನೀರು ಕುಡಿಯಲು ಕೂತದ್ದೇ ತಪ್ಪು. ಬಿದ್ದ ಮೇಲೂ ಬೂಟುಗಾಲಿನಿಂದ ಪಕ್ಕೆಗೆ ಒದ್ದ. ಎಲುಬು ಮುರಿದ ಸಪ್ಪಳ ಆಫೀಸಿನ ಕಿಟಕಿಯಲ್ಲಿ ನಿಂತಿದ್ದ ನನಗೂ ಕೇಳಿಸಿತು.

ಮಧ್ಯಾಹ್ನ ಮ್ಯಾನೇಜರ್ ಅಪಘಾತ ವರದಿಯ ಫಾರ್ಮ್ ತಂದಿಟ್ಟ. ಕನ್ನಡದ ಕೂಲಿಗಳ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಕೆಲಸ. ಗಾಯದ ಕಾರಣಕ್ಕೆ ಸ್ಟ್ರೇನ್ ಅಂದರೆ ಸಾಲದು, ಹಾರ್ಡ್‌ಶಿಪ್ ಅಂದರೆ ಕಂಪನಿಗೆ ಕೆಟ್ಟ ಹೆಸರು ಎಂದು ಅಳೆದೂ ಸುರಿದೂ ಅವನೇ ಈ ಶಬ್ದ ಆರಿಸಿದ. ಮೈಮೀರಿ ದುಡಿದು ಬಿದ್ದನಂತೆ. ಪೆನ್ನನ್ನು ಅವನ ಕಣ್ಣಿಗೆ ಚುಚ್ಚಬೇಕೆನಿಸಿತು. ಚುಚ್ಚಲಿಲ್ಲ, ಬರೆದೆ.

ಪರಪ್ಪ ಆಸ್ಪತ್ರೆಯಲ್ಲಿದ್ದಾನೆ. ಹೆಬ್ಬೆಟ್ಟು ಒತ್ತಲು ಅವನ ಹೆಂಡತಿ ಅಂಬವ್ವ ಬಂದಳು.

"ಹೊಡದದ್ದ ಬರದಿ ಹೌದಿಲ್ಲೋ, ತಂಗಿ?"

"ಎಲ್ಲಾ ಬರದೇನಿ, ಯಕ್ಕಾ."

"ನಮ್ಮ ಕಡೇಕಿ ನೀ ಇದ್ದಿ, ಚಲೋ ಆತು ನೋಡವಾ."

ಅವಳು ಹೆಬ್ಬೆರಳನ್ನು ಮಸಿಗೆ ಅದ್ದಿ ಫಾರ್ಮಿನ ಮೇಲಿಟ್ಟಳು. ಗುರುತು ಸರಿಯಾಗಿ ಮೂಡಲಿಲ್ಲ. ಎರಡನೇ ಸಲ ಆ ಬೆರಳನ್ನು ಹಿಡಿದು ಗಟ್ಟಿಯಾಗಿ ಒತ್ತಿದವಳು ನಾನೇ.