ಬೆಂಕಿಗೆ ಹಾರಿದ ಹಕ್ಕಿಯ ಗತಿ ಏನಾಯಿತು?

ಗ್ರಂಥಾಲಯಗಳ ಮೇಲಧಿಕಾರಿಗಳೇ,

ನಮ್ಮೂರ ಗ್ರಂಥಾಲಯದಿಂದ ನೀವು ತೆಗೆಸಿಕೊಂಡು ಹೋದ ಮಕ್ಕಳ ಕಾದಂಬರಿಯನ್ನು ವಾಪಸ್ ಕೊಡಿ. ಅದರ ಕೊನೆಯ ಅಧ್ಯಾಯ ಓದುವುದು ಬಾಕಿ ಇದೆ.

ಮಕ್ಕಳ ಪುಸ್ತಕ ನಿನಗೇಕೆ ಎನ್ನುವಿರಾ? ಕುದೂರಿನಾಚೆಯ ಹಳ್ಳಿಯೊಂದರಲ್ಲಿ ಬ್ಲೌಸ್ ಹೊಲಿದುಕೊಂಡು ಒಬ್ಬಳೇ ಇರುವವಳು ನಾನು. ಗಂಡ ದೇವರಾಜ್ ತೀರಿಕೊಂಡ ಮೇಲೆ ಮನೆಯಲ್ಲಿ ಸದ್ದೆಂದರೆ ಹೊಲಿಗೆ ಮಷಿನ್ನಿನದು ಮಾತ್ರ. ಮನುಷ್ಯರ ನಡುವೆ ಕೂರಬೇಕೆನಿಸಿ ಗ್ರಂಥಾಲಯಕ್ಕೆ ಹೋಗತೊಡಗಿದೆ. ಅಲ್ಲಿ ಜಗಲಿಯ ಮೇಲೆ ಬಿಸ್ಮಿಲ್ಲಕ್ಕ ಸಿಕ್ಕರು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆದು ತೆಗೆದು ವಯಸ್ಸಾಗಿ, ನಮ್ಮೂರಿನಲ್ಲಿರುವ ತಮ್ಮನ ಮನೆ ಸೇರಿದವರು. ಕಣ್ಣು ಮಂಜಾಗಿತ್ತು. "ಏನಾದ್ರೂ ಓದವ್ವಾ, ಕಿವಿ ಇನ್ನೂ ಸಂದಾಗೈತೆ" ಎಂದರು. ಕೈಗೆ ಸಿಕ್ಕಿದ್ದು ಆ ಕಾದಂಬರಿ.

ಊರು ಸುಡಲು ಬಂದ ಬೆಂಕಿಯನ್ನು ನುಂಗುವುದಕ್ಕೆ ಬಿಳಿ ಹಕ್ಕಿಯೊಂದು ತಾನೇ ಅದರೊಳಗೆ ಹಾರುವ ಕಥೆ. ನನಗೆ ಅದರಲ್ಲಿ ವಿಷ ಕುಡಿದ ಶಿವ ಕಂಡ. ಬಿಸ್ಮಿಲ್ಲಕ್ಕನಿಗೆ ಬೆಂಕಿಯಲ್ಲೂ ಬೇಯದ ಇಬ್ರಾಹಿಂ ಪೈಗಂಬರರು ಕಂಡರು. ಬರೆದವರ ಮನಸ್ಸಿನಲ್ಲಿ ಏಸು ಇದ್ದರೋ ಏನೋ. ನಾನು ವಾದಕ್ಕಿಳಿದರೆ ಅವರು, "ನಿಮ್ಮೋನೂ ಸರಿ, ನಮ್ಮೋರೂ ಸರಿ. ಮುಂದ್ಕೆ ಓದು" ಎನ್ನುತ್ತಿದ್ದರು.

ಹಕ್ಕಿ ಬೆಂಕಿಗೆ ಹಾರಿದ ದಿನ ಅವರು ಅತ್ತರು. ಉಳಿದದ್ದು ನಾಳೆಗಿರಲಿ ಎಂದು ಎದ್ದೆವು. ಮರುದಿನ ಕಪಾಟಿನಲ್ಲಿ ಪುಸ್ತಕವಿರಲಿಲ್ಲ. ಮತಪ್ರಚಾರದ ಸಂಕೇತಗಳಿವೆ ಎಂದು ಯಾರೋ ದೂರಿದರಂತೆ, ನಿಮ್ಮ ಆದೇಶ ಬಂತಂತೆ. ನಿಮ್ಮ ಕಚೇರಿಗೂ ಬಂದೆ. "ಪರಿಶೀಲನೇಲೈತೆ, ಹೋಗಮ್ಮ" ಎಂದರು ಗುಮಾಸ್ತರು. ಎಂಥ ಕಟ್ಟೆಚ್ಚರ, ಮಾನ್ಯರೇ! ಮಧ್ಯಾಹ್ನ ಕಳೆಯುವುದೇ ಕಷ್ಟವಾಗಿದ್ದ ಇಬ್ಬರು ಹೆಂಗಸರು ಯಾವ ಮತಕ್ಕೆ ಸೇರಿಬಿಡುತ್ತಿದ್ದೆವು?

ಆಮೇಲೆ ಬಿಸ್ಮಿಲ್ಲಕ್ಕ ಬಿದ್ದು ಸೊಂಟ ಮುರಿದುಕೊಂಡು, ಚನ್ನಪಟ್ಟಣದ ತಂಗಿಯ ಮನೆಗೆ ಹೋದರು. ಬಸ್ಸು ಹತ್ತಿ ನೋಡಲು ಹೋದೆ. ಕೈ ಹಿಡಿದವರೇ, "ಹಕ್ಕಿ ಏನಾಯ್ತವ್ವಾ?" ಎಂದರು. ಬೂದಿಯಿಂದ ಎದ್ದು ಬಂತು, ಊರೆಲ್ಲ ಕುಣಿಯಿತು ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರು ಹಿಡಿದಿದ್ದ ನನ್ನ ಕೈ ಬಿಟ್ಟರು.

"ಇದು ನಿನ್ ಮಾತು ಕಣವ್ವ. ಓದ್ವಾಗ ನಿನ್ ದನಿ ಇಂಗಿರಕಿಲ್ಲ. ಬುಕ್ಕು ಸಿಕ್ಕಿದ್ ಮೇಲೆ ಬಾ. ಸತ್ತೋಗಿದ್ರೂ ಯೋಳು, ತಡ್ಕತೀನಿ."

ಬಸ್ಸಿನ ಕಿಟಕಿಗೆ ಮುಖ ಮಾಡಿಕೊಂಡು ಊರು ತಲುಪಿದೆ. ಈಗಲೂ ಮಧ್ಯಾಹ್ನ ಜಗಲಿಗೆ ಹೋಗಿ ಕೂರುತ್ತೇನೆ. ಓದು ಎನ್ನುವವರಿಲ್ಲ.

ಆದ್ದರಿಂದ ಪುಸ್ತಕ ಕೊಡಿ. ಕೊಡಲಾಗದಿದ್ದರೆ ಇನ್ನೊಂದು ದಾರಿಯಿದೆ. ಆದೇಶಕ್ಕೆ ಸಹಿ ಹಾಕುವ ಮೊದಲು ತಾವದನ್ನು ಪೂರ್ತಿ ಓದಿಯೇ ಇರುತ್ತೀರಿ. ಚನ್ನಪಟ್ಟಣ ದೂರವೇನಲ್ಲ. ಬಂದು ಅವರ ಮಂಚದ ಪಕ್ಕ ಕೂತು, ಹಕ್ಕಿ ಬದುಕಿತೋ ಇಲ್ಲವೋ ತಾವೇ ಹೇಳಿ. ಓದದೆಯೇ ಹೇಳಿದರೆ ಅವರಿಗೆ ಗೊತ್ತಾಗುತ್ತದೆ.

ಇಂತಿ,
ಕೇಳುವವರಿಲ್ಲದ ಓದುಗಿ,
ಮಮತಾ