ಆಯಮ್ಮನ ಗೀಟುಗಳು

ಜೂನ್ 8, ಶನಿವಾರ. ಸಂಜೆ

ಉಗುರಿನ ಸಂದಿಯಲ್ಲಿ ಇನ್ನೂ ಬಣ್ಣ. ಸೀಮೆಎಣ್ಣೆ ಹಾಕಿ ಉಜ್ಜಿದೆ, ಹೋಗಲಿಲ್ಲ. “ಸೋಮವಾರ ಬ್ಯಾಂಕಿಗೆ ಹೋಗ್ತೀರೋ, ಬಣ್ಣದಂಗಡಿಗೋ?” ಎಂದಳು ಹೆಂಡತಿ.

ಈ ತಿಂಗಳ ಸೇವಾ ಶನಿವಾರ ಮುಗಿಯಿತು. ನಮ್ಮ ಶಾಖೆಯಿಂದ ಎಂಟು ಜನ. ಕಾಲುವೆ ಪಕ್ಕದ ಶಿಶುವಿಹಾರ. ಒಂದೇ ಕೋಣೆ, ಮುಂದೊಂದು ಜಗಲಿ. ಕೂಲಿಗೆ ಹೋಗುವವರ ಮಕ್ಕಳು ಇಪ್ಪತ್ತೆರಡು, ಎಲ್ಲ ಐದರೊಳಗಿನವು. ಮಧ್ಯಾಹ್ನ ಆ ಕೋಣೆಯಲ್ಲೇ ಸಾಲಾಗಿ ಮಲಗುತ್ತವಂತೆ. ನೋಡಿಕೊಳ್ಳುವವರು ಆಯಮ್ಮ ಒಬ್ಬರೇ. ಅವರು ಇವತ್ತು ರಜಾ. ಬೀಗದ ಕೈ ಪಕ್ಕದ ಅಂಗಡಿಯಲ್ಲಿ ಸಿಕ್ಕಿತು.

ಬ್ಯಾಂಕಿನ ನಿಯಮ: ಕೆಲಸಕ್ಕೆ ಮೊದಲು ಒಂದು ಫೋಟೋ, ಮುಗಿದ ಮೇಲೆ ಒಂದು. ಅದೇ ಜಾಗದಲ್ಲಿ ನಿಂತು, ಅದೇ ಕೋನದಿಂದ. ಫೋಟೋ ನನ್ನ ಪಾಲಿನ ಕೆಲಸ. ಆದ್ದರಿಂದ ಅತಿ ಕೆಟ್ಟ ಗೋಡೆ ಯಾವುದೆಂದು ಹುಡುಕುವುದೂ ನನ್ನ ಕೆಲಸವೇ. ಕೆಟ್ಟದ್ದಾದಷ್ಟೂ ಫೋಟೋ ಚೆನ್ನ.

ಕಾಲುವೆ ಕಡೆಯ ಗೋಡೆ ಆರಿಸಿದೆ. ಸೂರಿನಿಂದ ಕಿಟಕಿಯತ್ತ ಓರೆಯಾಗಿ ಇಳಿದ ಬಿರುಕು. ಅದರ ಪಕ್ಕ ಪೆನ್ಸಿಲ್ಲಿನ ಏನೋ ಗೀಚು… ಮಕ್ಕಳದ್ದು. ಉಪ್ಪುಕಾಗದ ಹಾಕಿ ಉಜ್ಜಿದೆ. ಬಿರುಕಿಗೆ ಪುಟ್ಟಿ ತುಂಬಿದ್ದೂ ನಾನೇ. ಎರಡು ಕೋಟು ಕೆನೆಬಣ್ಣ. ಸಂಜೆ ಬಿಸಿಲು ಬಿದ್ದಾಗ ಗೋಡೆ ಹೊಸದರ ಹಾಗಿತ್ತು. ನಿಜವಾಗಿ ಖುಷಿಯಾಯಿತು. ಬರೆದಿಟ್ಟಿರಲಿ.

ಜೂನ್ 10, ಸೋಮವಾರ

ಬೆಳಿಗ್ಗೆ ಮ್ಯಾನೇಜರ್ ಎರಡೂ ಫೋಟೋ ನೋಡಿ ಮೇಜು ತಟ್ಟಿದರು. “ಇದೇ ಕಣ್ರೀ ಮುಖಪುಟ!” ಜುಲೈ 13ಕ್ಕೆ ವಾರ್ಷಿಕ ಸಭೆ. ಸೇವಾ ಪುಸ್ತಿಕೆ ಅಲ್ಲಿ ಹಂಚಬೇಕು.

ಹನ್ನೊಂದರ ಸುಮಾರಿಗೆ ಕೌಂಟರಿನ ಮುಂದೆ ಒಬ್ಬ ಹೆಂಗಸು. ಅರವತ್ತು ದಾಟಿರಬಹುದು. ಕೈಯಲ್ಲಿ ಪಾಸ್‌ಬುಕ್ ಇಲ್ಲ.

“ಬಣ್ಣ ಹೊಡೆದ ಸಾರ್ ಯಾರು?”

ನಾನು ಎಂದೆ. ಶಿಶುವಿಹಾರದ ಆಯಮ್ಮ.

“ಗೋಡೆ ಚೆನ್ನಾಗಿ ಮಾಡಿದ್ದೀರಿ ಸಾರ್, ಇಲ್ಲ ಅನ್ನಲ್ಲ. ನನ್ನ ಗೀಟು ಏನು ಮಾಡಿದ್ರಿ?”

“ಯಾವ ಗೀಟಮ್ಮ?”

ಹೇಳಿದರು. ಮಾರ್ಚಿನಲ್ಲಿ ಪಾಲಿಕೆಯ ಇಂಜಿನಿಯರ್ ಬಂದಿದ್ದರಂತೆ. ಹಳೇ ಬಿರುಕಾದರೆ ಭಯವಿಲ್ಲ, ಬೆಳೆಯುತ್ತಿದ್ದರೆ ಮಾತ್ರ ಮಕ್ಕಳನ್ನು ಬೇರೆ ಕಟ್ಟಡಕ್ಕೆ ಹಾಕಿಸುತ್ತೇನೆ. ಬಿರುಕಿನ ತುದಿಗೆ ಗೀಟು ಹಾಕಿ ತಾರೀಕು ಬರೆಯುತ್ತಿರಿ, ಮೂರು ತಿಂಗಳಿಗೆ ಬಂದು ನೋಡುತ್ತೇನೆ ಎಂದಿದ್ದರಂತೆ.

“ಮೂರು ಗೀಟು ಹಾಕಿದ್ದೆ ಸಾರ್. ಮೂರೂ ದಾಟಿ ಇಳಿದಿತ್ತು. ನಾನು ರಜಾ ಹಾಕಿದ್ದು ವರ್ಷಕ್ಕೆ ಒಂದು ದಿನ. ನೀವು ಬಂದದ್ದೂ ಅದೇ ದಿನ!”

ನಮ್ಮ ಕ್ಯಾಷಿಯರ್ ಬಾಯಿ ಹಾಕಿದ. ಸದಾ ಗೋಡೆ ಗಡಿಯಾರ ನೋಡುವವನು, ಶಾಖೆಯಲ್ಲಿ ಅವನ ಹೆಸರೇ ಗಡಿಯಾರ. “ಎರಡು ಕೋಟು ಬಣ್ಣ ಪುಕ್ಕಟೆ ಸಿಕ್ಕಿದೆ, ಒಂದು ಗೀಟಿಗೆ ಜಗಳಕ್ಕೆ ಬಂದ್ರಾ ಅಮ್ಮ?”

“ಜ್ವರ ಬಂದ ಮಗೂಗೆ ಪೌಡರ್ ಹಚ್ಚಿ, ನೋಡಿ ಹುಷಾರಾಯ್ತು ಅಂದ ಹಾಗಾಯ್ತಪ್ಪ ನಿಮ್ಮ ಸೇವೆ.”

ನಗುನಗುತ್ತಲೇ ಅಂದರು. ಸಾಲಿನಲ್ಲಿದ್ದವರೂ ನಕ್ಕರು. ನಾನೂ.

ಅದೇ ದಿನ, ಊಟವಾದ ಮೇಲೆ

ಫೋನಿನಲ್ಲಿ ಮೊದಲಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಸ್ಪಷ್ಟವಾಗಿದೆ. ಮೂರು ಅಡ್ಡಗೀಟು. ಪಕ್ಕದಲ್ಲಿ 18-3, 15-4, 13-5. ಕೊನೆಯ ಗೀಟು ದಾಟಿ ಬಿರುಕು ಎರಡು ಬೆರಳಷ್ಟು ಕೆಳಗಿದೆ. ಹೆಂಡತಿಗೆ ತೋರಿಸಿದೆ.

“ಮಕ್ಕಳು ಗೀಚಿದ್ದು ಅಂದ್ಕೊಂಡ್ರಾ? ಇದು ನಿಮ್ಮ ತಲೆಗಿಂತ ಮೇಲಿದೆ. ಮೂರು ವರ್ಷದ ಕೂಸು ಏಣಿ ಹಾಕ್ಕೊಂಡು ತಾರೀಕು ಬರೀತಾ?”

ನಾನು ಗೋಡೆಯನ್ನು ನೋಡಿರಲಿಲ್ಲ. ಫೋಟೋ ನೋಡಿದ್ದೆ.

ಜೂನ್ 19, ಬುಧವಾರ

ಇಂಜಿನಿಯರ್ ಬರುತ್ತಾರೆಂದು ಆಯಮ್ಮ ಫೋನ್ ಮಾಡಿದ್ದರು. ಊಟದ ಬಿಡುವಿನಲ್ಲಿ ಹೋದೆ. ಮಕ್ಕಳು ಮಲಗಿದ್ದವು. ಒಂದು ಮಗುವಿನ ಕಾಲು ಗೋಡೆಗೆ ತಾಗಿತ್ತು.

ಇಂಜಿನಿಯರ್ ಬೆರಳ ಗೆಣ್ಣಿನಿಂದ ಗೋಡೆ ಬಡಿದರು. “ಎಲ್ಲಮ್ಮಾ ಬಿರುಕು?”

“ಇವರ ಬಣ್ಣದ ಒಳಗೆ.”

“ಒಳಗಿರೋದನ್ನ ನಾನು ಹೇಗೆ ಬರೀಲಿ? ಬೆಳೀತಿದೆ ಅನ್ನೋಕೆ ಗುರುತು ಬೇಕು. ಹಳೇ ಫೋಟೋನಾದ್ರೂ ಇದೆಯಾ? ಇದ್ರೆ ಇವತ್ತೇ ಬರೆದು ಖಾಲಿ ಮಾಡಿಸ್ತೀನಿ.”

ಆಯಮ್ಮ ನನ್ನ ಮುಖ ನೋಡಿದರು. ನಾನು “ಆಫೀಸಿನಲ್ಲಿ ಕೇಳಬೇಕು” ಎಂದೆ.

ಸೇವಾ ಫೋಟೋ ಮೇಲಿನವರ ಒಪ್ಪಿಗೆಯಿಲ್ಲದೆ ಹೊರಗೆ ಕೊಡುವಂತಿಲ್ಲ. ನಿಯಮ ಇರುವುದು ನಿಜ. ಫೋಟೋ ಅಂಗಿ ಜೇಬಿನಲ್ಲಿದ್ದದ್ದೂ ನಿಜ.

ಇಂಜಿನಿಯರ್ ಬರೆದದ್ದು: ಗೋಡೆ ಸುಸ್ಥಿತಿಯಲ್ಲಿದೆ.

ಜೂನ್ 20, ಗುರುವಾರ

ಮ್ಯಾನೇಜರನ್ನು ಕೇಳಿದೆ. ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

“ಬಿರುಕಿಗೆ ಬಣ್ಣ ಬಳಿದು ಫೋಟೋ ತೆಗೆಸ್ಕೊಂಡ್ರು ಅಂತ ಪೇಪರಿನವರು ಹಾಕಿದ್ರೆ? ಮೊದಲ ಪುಟಕ್ಕೇ ಹಾಕ್ತಾರೆ. ಸಭೆ ಮುಗೀಲಿ. ಮೂರು ವಾರ ತಾನೆ? ಇಷ್ಟು ವರ್ಷ ನಿಂತ ಗೋಡೆ. ಆಮೇಲೆ ನಾನೇ ಕಳಿಸಿಕೊಡ್ತೀನಿ.”

“ಸರಿ ಸಾರ್” ಎಂದೆ.

ಮೂವತ್ತು ವರ್ಷದಿಂದ ದಿನಾ ಪೇಪರ್ ಓದುತ್ತೇನೆ. ಗೋಡೆ ಕುಸಿತದ ಸುದ್ದಿ ಎಷ್ಟು ಓದಿಲ್ಲ. ಕಡೆಯ ಸಾಲು ಯಾವಾಗಲೂ ಒಂದೇ: ಮೊದಲೇ ಗಮನಕ್ಕೆ ತಂದಿದ್ದರೂ ಕ್ರಮ ಕೈಗೊಂಡಿರಲಿಲ್ಲ.

ಜುಲೈ 1, ಸೋಮವಾರ

ಪುಸ್ತಿಕೆಯ ಕರಡು ಬಂತು. ಮೊದಲಿನ ಫೋಟೋವನ್ನು ಮೇಲ್ಭಾಗ ಕತ್ತರಿಸಿ ಹಾಕಿದ್ದಾರೆ. ಕೊಳೆಗೋಡೆ ಇದೆ. ಬಿರುಕೂ ಇಲ್ಲ, ಗೀಟೂ ಇಲ್ಲ. ನಾನು ಅಕ್ಷರದೋಷ ತಿದ್ದಿ ಸಹಿ ಹಾಕಿದೆ.

ಸಂಜೆ ಆಯಮ್ಮನ ಫೋನು.

“ಮಕ್ಕಳನ್ನ ಈಗ ಜಗಲೀಲಿ ಮಲಗಿಸ್ತೀನಿ ಸಾರ್. ಬಿಸಿಲು ಬರುತ್ತೆ, ಹಳೇ ಸೀರೆ ಅಡ್ಡ ಕಟ್ಟಿದ್ದೀನಿ. ಇಂಜಿನಿಯರ್ ಸಾಹೇಬ್ರ ಆಫೀಸಿಗೂ ಹೋಗಿದ್ದೆ. ಬಣ್ಣ ಬಿರಿದಿದೆ ಅಂದೆ. ಹೊಸ ಬಣ್ಣ ಬಿರಿಯುತ್ತೆ, ಮೂರು ತಿಂಗಳ ಹಳೇ ಗುರುತು ತೋರಿಸಿ, ಬರ್ತೀನಿ ಅಂದ್ರು. ಫೋಟೋ ಸಿಕ್ತಾ?”

“ಕೇಳಿದ್ದೀನಮ್ಮ. ಹುಡುಕ್ತಿದ್ದಾರೆ.”

“ಹುಡುಕಲಿ ಪಾಪ.”

ಆಮೇಲೆ ಬಹಳ ಹೊತ್ತು ಫೋನ್ ಕೈಯಲ್ಲೇ ಇತ್ತು. ಕಳಿಸಲು ಎರಡು ಸಲ ಒತ್ತಿದರೆ ಸಾಕಿತ್ತು.

ಜುಲೈ 12, ಶುಕ್ರವಾರ

ಮಧ್ಯಾಹ್ನ ಒಂದೂ ಹತ್ತಕ್ಕೆ ಗೋಡೆ ಬಿತ್ತು.

ಮಕ್ಕಳು ಜಗಲಿಯಲ್ಲಿದ್ದವು. ಇಪ್ಪತ್ತೆರಡೂ ಸುರಕ್ಷಿತ. ಇದನ್ನು ಮೊದಲು ಬರೆಯುತ್ತಿದ್ದೇನೆ.

ಆಯಮ್ಮ ಹೊದಿಕೆ ತರಲು ಒಳಗೆ ಹೋಗಿದ್ದರು.

ಮ್ಯಾನೇಜರ್ ಫೋನ್ ಮಾಡಿ, “ಆ ಫೋಟೋ ಯಾರಿಗೂ ಕಳಿಸಬೇಡಿ” ಎಂದರು. ಆಯಮ್ಮ ಬದುಕಿದ್ದಾರಾ ಎಂದು ಕೇಳಿದ್ದು ಅದಾದ ಮೇಲೆ.

ಜುಲೈ 14, ಭಾನುವಾರ

ನಿನ್ನೆ ಸಭೆ ನಡೆಯಿತು. ಪುಸ್ತಿಕೆ ಹಂಚಲಿಲ್ಲ. ಕಟ್ಟು ಬಿಚ್ಚದೆ ಸ್ಟೋರಿನಲ್ಲಿದೆ.

ಇವತ್ತು ಆಸ್ಪತ್ರೆಗೆ ಹೋದೆ. ಆಯಮ್ಮನ ಸೊಂಟದ ಮೂಳೆ ಎರಡು ಕಡೆ ಮುರಿದಿದೆ. ಎಡಗಾಲಿನಲ್ಲಿ ಸ್ಪರ್ಶವಿಲ್ಲ. ಇನ್ನು ನಡೆಯುವುದು ಕಷ್ಟ ಎಂದು ನರ್ಸ್ ಬಾಗಿಲ ಹೊರಗೆ ಹೇಳಿದರು. ತಾಯಿಗೆ ಇನ್ನೂ ಹೇಳಿಲ್ಲ ಎಂದಳು ಮಗಳು.

ಸ್ಟೂಲ್ ಎಳೆದು ಕುಳಿತೆ. ಹೇಳಿಬಿಟ್ಟೆ. ಫೋಟೋ ಮೊದಲಿಂದಲೂ ನನ್ನ ಹತ್ತಿರವೇ ಇತ್ತಮ್ಮ.

“ಗೊತ್ತಿತ್ತು ಸಾರ್.”

“ಹೇಗೆ?”

“ಇಂಜಿನಿಯರ್ ಕೇಳಿದಾಗ ನಿಮ್ಮ ಕೈ ಜೇಬಿನ ಮೇಲೆ ಹೋಯ್ತು.”

“ಅಲ್ಲೇ ಹೇಳಬಹುದಿತ್ತಲ್ಲ?”

“ನೀವೇ ಹೇಳ್ತೀರಿ ಅಂದ್ಕೊಂಡೆ. ಓದಿದವರು.”

ಮಗಳು ಮುಖ ಆಚೆ ತಿರುಗಿಸಿದಳು. ಆಯಮ್ಮ ಹೇಳಿದರು: “ಕಿಟಕಿ ಸರಳಿಗೆ ದಾರದಲ್ಲಿ ಪೆನ್ಸಿಲ್ ಕಟ್ಟಿದ್ದೆ. ಉಳಿದಿದ್ರೆ ತಂದುಕೊಡಿ. ಆ ಕಡೆ ಗೋಡೆ ಒಂದು ಚೂರು ನಿಂತಿದೆಯಂತೆ.”

ತರುತ್ತೇನೆ ಎಂದೆ.

ಜುಲೈ 15, ಸೋಮವಾರ

ಫೋಟೋ ಇಂಜಿನಿಯರಿಗೆ ಕಳಿಸಿದೆ. ಜೊತೆಗೆ ಒಂದು ಪುಟದ ಪತ್ರ. ಬಿರುಕಿತ್ತು. ಗೀಟುಗಳಿದ್ದವು. ಉಜ್ಜಿ ಅಳಿಸಿದವನು ನಾನು. ಜೂನ್ 10ರಂದೇ ತಿಳಿದಿತ್ತು. ಸಹಿ ಹಾಕಿದೆ, ಹುದ್ದೆಯನ್ನೂ ಬರೆದೆ. ಪ್ರತಿ ಮ್ಯಾನೇಜರ್ ಮೇಜಿಗೆ.

ಓದಿದರು. “ಪೆನ್ಷನ್‌ಗೆ ಎರಡು ವರ್ಷ ಇಟ್ಕೊಂಡು ಇದೆಲ್ಲ ಯಾಕೆ ಬೇಕಿತ್ತು ನಿಮಗೆ?” ಸಿಟ್ಟಿನಿಂದಲ್ಲ. ನಿಜವಾಗಿ ತಿಳಿಯದೆ ಕೇಳಿದಂತಿತ್ತು.

ಮನೆಯಲ್ಲಿ ಹೇಳಿದೆ. ಹೆಂಡತಿ ತಟ್ಟೆ ಇಡುತ್ತಿದ್ದಳು. “ಇವತ್ತು ಕಳಿಸಿದ್ರಾ,” ಎಂದಳು. ಅಷ್ಟೇ.

ಜುಲೈ 20, ಶನಿವಾರ. ಮಧ್ಯಾಹ್ನ

ವಿಶೇಷ ಸೇವಾ ಶನಿವಾರ. ಅವಶೇಷ ತೆಗೆಯಲು ಪಾಲಿಕೆಯಲ್ಲಿ ಆಳಿಲ್ಲ. ಬ್ಯಾಂಕೇ ತೆಗೆಯುವುದೆಂದಾಯಿತು. ಎಲ್ಲರಿಗೂ ಕೈಗವಸು, ಒಂದೇ ಬಣ್ಣದ ಟೀ ಶರ್ಟ್. ನಾನು ಹಾಕಲಿಲ್ಲ, ಅಂಗಿಯಲ್ಲೇ ಹೋದೆ. ಯಾರೂ ಬಲವಂತ ಮಾಡಲಿಲ್ಲ. ಫೋಟೋ ಕೆಲಸ ಈಗ ಗಡಿಯಾರನಿಗೆ. “ಇಟ್ಟಿಗೆ ಮುಟ್ಟಬೇಡಿ, ಮೊದಲಿನದು ತೆಗೀಬೇಕು!” ಎಂದು ಕೂಗುತ್ತಿದ್ದ. ಎಲ್ಲರೂ ಪಕ್ಕಕ್ಕೆ ಸರಿದು ನಿಂತರು.

ಕಿಟಕಿ ಪಕ್ಕ ಒಂದು ಮೊಳ ಅಗಲ ಗೋಡೆ ನಿಂತಿದೆ. ಸರಳಿನಲ್ಲಿ ದಾರ. ದಾರದಲ್ಲಿ ಪೆನ್ಸಿಲ್, ಕಿರುಬೆರಳಷ್ಟು ಉಳಿದಿದೆ.

ಬಿಚ್ಚಲು ಹತ್ತಿರ ಹೋದೆ. ನನ್ನ ಕೆನೆಬಣ್ಣವನ್ನು ಸೀಳಿಕೊಂಡು ಬಿರುಕು ಮತ್ತೆ ಇಳಿದಿತ್ತು. ಬಣ್ಣದ ಮೇಲೆ ಹೊಸ ಗೀಟುಗಳು. ಅದೇ ಕೈ. ಇಂಜಿನಿಯರ್ ಹೋದ ಮರುದಿನದಿಂದ ವಾರಕ್ಕೊಂದು. ಗುರುವಾರಕ್ಕೊಂದು.

ಎದುರು ನಿಂತೆ. 20-6, ನನ್ನ ಹಣೆಗೆ. 27-6, ಮೂಗಿಗೆ. 4-7, ಗದ್ದಕ್ಕೆ. ಗೋಡೆ ಬೀಳುವ ಹಿಂದಿನ ದಿನದ್ದು, 11-7, ಅಂಗಿಯ ಜೇಬಿನ ಮಟ್ಟಕ್ಕೆ. ಫೋನ್ ಅಲ್ಲೇ ಇತ್ತು. ತೆಗೆದು ಹಳೇ ಫೋಟೋ ಪಕ್ಕದಲ್ಲಿ ಹಿಡಿದೆ. ಮಾರ್ಚಿನಿಂದ ಜುಲೈವರೆಗೆ ಏಳು ಗೀಟು, ಒಂದರ ಕೆಳಗೊಂದು. ಯಾರು ಬೇಕಾದರೂ ಓದಬಹುದಿತ್ತು.

ಪೆನ್ಸಿಲ್ ಈಗ ಈ ಡೈರಿಯ ಪಕ್ಕದಲ್ಲಿದೆ. ನಾಲ್ಕಕ್ಕೆ ಆಸ್ಪತ್ರೆ ಬಾಗಿಲು ತೆಗೆಯುತ್ತಾರೆ. ಬಿರುಕು ಎಲ್ಲಿವರೆಗೆ ಬಂದಿತ್ತು ಸಾರ್ ಎಂದು ಕೇಳಿದರೆ, ನಾನು ನನ್ನ ಎದೆ ಮುಟ್ಟಿ ತೋರಿಸುತ್ತೇನೆ: ಇಲ್ಲಿವರೆಗೆ.